ಕೂತ ಮೇಲೆ ಕಾಸು

ಜಗತ್ತಿನಲ್ಲಿ ಪಾತ್ರೆ ಮಾಡುವವರಿಗೆ ಬರವಿಲ್ಲ. ಅವರು ಪಾತ್ರೆಯ ಜೊತೆಗೊಂದು ಮುಚ್ಚಳವನ್ನೂ ಮಾಡಿ, ಗಂಡಹೆಂಡಿರಂತೆ ಜೋಡಿಸಿ, ಅಂಗಡಿಗೆ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಮುಚ್ಚಳ ಒಡೆಯುತ್ತದೆ, ಉರುಳಿ ಕಳೆದುಹೋಗುತ್ತದೆ, ಮನೆ ಬದಲಾಯಿಸುವಾಗ ಹಳೇ ಮನೆಯಲ್ಲೇ ಉಳಿದುಬಿಡುತ್ತದೆ. ಪಾತ್ರೆ ಬಾಯಿ ಬಿಟ್ಟುಕೊಂಡು ಕಪಾಟಿನ ಮೂಲೆ ಸೇರುತ್ತದೆ. ಹೀಗೆ ಒಂಟಿಯಾದ ಟೀ ಪಾಟು, ಜಾಡಿ, ಡಬ್ಬಿ, ಹೂಜಿಗಳ ಉದ್ಧಾರಕ್ಕಾಗಿಯೇ ಅವತಾರವೆತ್ತಿದ ಮಹಾನುಭಾವನೊಬ್ಬ ಆ ಪೇಟೆಯ ಹಳೇ ಬೀದಿಯಲ್ಲಿದ್ದ. ಅವನು ಮಾಡುತ್ತಿದ್ದುದು ಮರದ ಮುಚ್ಚಳ ಮಾತ್ರ. ಬೀದಿಯವರು ಅವನನ್ನು ಮುಚ್ಚಳಪ್ಪ ಎಂದು ಕರೆಯುತ್ತಿದ್ದರು; ಅವನ ನಿಜವಾದ ಹೆಸರು ಕರೆಂಟ್ ಬಿಲ್ಲಿನವನಿಗೆ ಮಾತ್ರ ಗೊತ್ತಿತ್ತು.

ಅವನ ಅಂಗಡಿಗೆ ಒಬ್ಬ ಗಿರಾಕಿ ಬಂದರೆ ಅಂಗಡಿ ತುಂಬಿತು. ಇಬ್ಬರು ಬಂದರೆ ಒಬ್ಬರು ಮರದ ಹೊಟ್ಟಿನ ಮೂಟೆಯ ಮೇಲೆ ಕೂರಬೇಕು. ಒಳಗೊಂದು ಮರ ತಿರುಗಿಸಿ ಕಡೆಯುವ ಲೇತು, ಗೋಡೆಗೆ ಉಳಿಗಳ ಸಾಲು, ಸೂರಿನ ಕೆಳಗೆ ಉದ್ದನೆಯದೊಂದು ಅಟ್ಟಣಿಗೆ. ಆ ಅಟ್ಟಣಿಗೆಯೇ ಅಂಗಡಿಯ ಗರ್ಭಗುಡಿ. ಗಿರಾಕಿಗಳು ಪಾತ್ರೆಯ ಬಾಯಿಯನ್ನು ಕಾಗದದ ಮೇಲೆ ಗೀರಿ ತರುತ್ತಿದ್ದರು. ಮುಚ್ಚಳಪ್ಪ ಮರದ ತುಂಡನ್ನು ಲೇತಿಗೆ ಏರಿಸಿ ಅಳತೆಗಿಂತ ಕೊಂಚ ದಪ್ಪಗೆ ಕಡೆದು ಅಟ್ಟಣಿಗೆಯ ಮೇಲಿಡುತ್ತಿದ್ದ. ಕಡೆದ ಮರ ಬೆದರಿರುತ್ತದೆ, ಅದಕ್ಕೆ ಸುಧಾರಿಸಿಕೊಳ್ಳಲು ಬಿಡಬೇಕು ಎಂಬುದು ಅವನ ಸಿದ್ಧಾಂತ. ಮರ ತನ್ನ ಇಷ್ಟದಂತೆ ಒಣಗಿ, ಸೊಟ್ಟಗಾಗಬೇಕಾದಷ್ಟು ಸೊಟ್ಟಗಾದ ಮೇಲೆ ಅದನ್ನು ಇಳಿಸಿ, ಮತ್ತೊಮ್ಮೆ ಕಡೆದು, ಉಪ್ಪುಕಾಗದ ತಿಕ್ಕಿ ಮುಗಿಸುತ್ತಿದ್ದ. ಸರಿಯಾದ ಮುಚ್ಚಳ ಪಾತ್ರೆಯ ಮೇಲೆ ಕೂರುವಾಗ ‘ಟಪ್’ ಎಂದು ಮೆಲ್ಲಗೆ ಉಸಿರುಬಿಡುತ್ತದೆ. ಆ ಟಪ್ಪಿಗಾಗಿ ಅವನು ಬದುಕುತ್ತಿದ್ದ ಎಂದರೆ ಅತಿಶಯೋಕ್ತಿಯಾದೀತು; ಊಟಕ್ಕೂ ಸ್ವಲ್ಪ ಬದುಕುತ್ತಿದ್ದ.

ಬಾಗಿಲ ಮೇಲೆ ಅವನ ಅಪ್ಪ ಬರೆಸಿದ ಬೋರ್ಡಿತ್ತು: ‘ಕೂತ ಮೇಲೆ ಕಾಸು’. ಅದಕ್ಕೊಂದು ಪುರಾಣವಿದೆ. ಅಪ್ಪ ಒಮ್ಮೆ ಒಬ್ಬ ಮುದುಕಿಗೆ ಸಡಿಲವಾದ ಮುಚ್ಚಳ ಕೊಟ್ಟು ದುಡ್ಡು ಎಣಿಸಿಕೊಂಡಿದ್ದ. ಮುದುಕಿ ಜಗಳ ಆಡಲಿಲ್ಲ. ಬೆಳಗಿನ ವ್ಯಾಪಾರದ ಹೊತ್ತಿಗೆ ಟೀ ಪಾಟು ಹಿಡಿದು ಬಂದು, ಗಿರಾಕಿಗಳೆದುರು ಅದನ್ನು ಗಲಗಲ ಅಲ್ಲಾಡಿಸಿ, ನಮಸ್ಕಾರ ಹೇಳಿ ಹೋಗುತ್ತಿದ್ದಳು. ಮರುದಿನವೂ ಅದೇ. ಅದರ ಮರುದಿನವೂ ಅದೇ. ಕೊನೆಗೆ ಅಪ್ಪ ಹೊಸ ಮುಚ್ಚಳ ಮಾಡಿಕೊಟ್ಟು, ಹಳೆಯ ದುಡ್ಡು ಹಿಂದಿರುಗಿಸಿ, ಪೇಂಟರನನ್ನು ಕರೆಸಿದ. ಅಂದಿನಿಂದ ಈ ಮನೆತನದಲ್ಲಿ ಮುಚ್ಚಳ ಮೊದಲು ಗಿರಾಕಿಯ ಮನೆಗೆ ಹೋಗುತ್ತದೆ. ಕೂತರೆ ಗಿರಾಕಿ ಬಂದು ದುಡ್ಡು ಕೊಡುತ್ತಾನೆ. ಕೂರದಿದ್ದರೆ ಮುಚ್ಚಳ ವಾಪಸು ಬರುತ್ತದೆ. ಭೀಷ್ಮನಿಗೆ ಒಂದು ಪ್ರತಿಜ್ಞೆ, ಮುಚ್ಚಳಪ್ಪನಿಗೆ ಒಂದು ಬೋರ್ಡು.

ವಿಧಿ ಇಂಥವನಿಗೆ ಎಂಥ ಹೆಂಡತಿಯನ್ನು ಗಂಟುಹಾಕಿತ್ತು ಎಂಬುದನ್ನು ಈಗ ಹೇಳಬೇಕು. ಆಕೆ ಸಿನೆಮಾ ಟಾಕೀಸಿನ ಟಿಕೆಟ್ ಕಿಟಕಿಯಲ್ಲಿ ಅರ್ಧ ಆಯಸ್ಸು ಕಳೆದವಳು. ಅಂಗೈಯಗಲದ ತೂತು, ಅದರಲ್ಲಿ ಮೊದಲು ದುಡ್ಡು ಒಳಗೆ ಬರಬೇಕು, ಆಮೇಲೆ ಟಿಕೆಟ್ಟು ಹೊರಗೆ ಹೋಗಬೇಕು. ಚಿತ್ರ ಹೇಗಿದೆ ಎಂದು ಕೇಳಿದವರಿಗೆ “ಒಳಗೆ ಹೋಗಿ ನೋಡಿ, ಹಿಂದಿನವರಿಗೆ ದಾರಿ ಬಿಡಿ” ಎನ್ನುವುದು ಆಕೆಯ ಪದ್ಧತಿ. ಅದರ ಜೊತೆಗೇ ಇನ್ನೊಂದು ಪದ್ಧತಿಯೂ ಇತ್ತು. ಟಾಕೀಸಿನ ಮುರಿದ ಸೀಟುಗಳೆಲ್ಲ ಆಕೆಗೆ ಬಾಯಿಪಾಠ. ಮ್ಯಾನೇಜರು ಎಷ್ಟೇ ಗದರಿದರೂ ಮುರಿದ ಸೀಟಿಗೆ ಟಿಕೆಟ್ಟು ಹರಿದವಳಲ್ಲ. ಟಾಕೀಸು ಮುಚ್ಚಿದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಗಂಡನ ಮುಚ್ಚಳಗಳ ಫೋಟೋ ಹಿಡಿದು, ಆನ್‌ಲೈನಿನಲ್ಲಿ ಅಂಗಡಿ ತೆರೆದುಬಿಟ್ಟಳು.

ವ್ಯಾಪಾರ ಹತ್ತಿಕೊಂಡಿತು. ಹೆಸರೂ ಕೇಳಿರದ ಹೊರದೇಶದ ಊರುಗಳಿಂದ ಪಾತ್ರೆಬಾಯಿಯ ಗೀರುಗಳು ಬರತೊಡಗಿದವು. ಮುಚ್ಚಳಗಳು ಅಂಚೆಯಲ್ಲಿ ಹೋದವು, ಕೂತವು. ಬರಬೇಕಾದ ಕಾಸು ಮಾತ್ರ ದಾರಿ ತಪ್ಪಿತು. ದೂರದವರು ಬ್ಯಾಂಕಿನಿಂದ ದುಡ್ಡು ಕಳಿಸಲು ಹೋದರೆ ಮುಚ್ಚಳದ ಬೆಲೆಗಿಂತ ಕಳಿಸುವ ಖರ್ಚೇ ಹೆಚ್ಚು. ಮರ್ಯಾದಸ್ಥರು ನಾಚಿಕೊಂಡು ಬದಲಿಗೆ ಏನಾದರೂ ಕಳಿಸುತ್ತಿದ್ದರು. ಒಬ್ಬಾಕೆ ಬಿಸ್ಕತ್ತಿನ ಡಬ್ಬಿ ಕಳಿಸಿದಳು. ಇನ್ನೊಬ್ಬ ತಾನೇ ಹೆಣೆದ ಉಣ್ಣೆಯ ಕಾಲುಚೀಲ ಕಳಿಸಿದ. ಮತ್ತೊಬ್ಬ ಮುಚ್ಚಳ ಹಾಕಿದ ಜಾಡಿಯ ಪಕ್ಕ ತನ್ನ ನಾಯಿಯನ್ನು ಕೂರಿಸಿ ಫೋಟೋ ತೆಗೆದು, ಹಿಂದುಗಡೆ ‘ಧನ್ಯವಾದ’ ಎಂದು ಬರೆದು ಕಳಿಸಿದ. ಮುಚ್ಚಳಪ್ಪ ಅದನ್ನು ಲೇತಿನ ಮೇಲೆ ಅಂಟಿಸಿದ.

“ಕೂತಿದೆ ನೋಡು,” ಎಂದ ಹೆಮ್ಮೆಯಿಂದ.

“ನಾಯಿ ಕೂತಿದೆ,” ಎಂದಳು ಹೆಂಡತಿ. “ಈ ಫೋಟೋ ತಗೊಂಡ್ಹೋಗಿ ಕರೆಂಟ್ ಬಿಲ್ ಕಟ್ಟಿ ಬನ್ನಿ, ನೋಡೋಣ. ರೀ, ಇವರೆಲ್ಲಾ ಕಾರ್ಡ್ ಎಲ್ಲಿ ಹಾಕೋದು ಅಂತ ಕೇಳ್ತಿದ್ದಾರೆ. ಕಾರ್ಡಿನ ದುಡ್ಡು ತೆಗೆದು ನಮಗೆ ಮುಟ್ಟಿಸೋಕೆ ಅಂತಲೇ ಕಂಪನಿಗಳಿವೆ. ಒಂದನ್ನು ಆರಿಸಬೇಕು.”

“ಆರಿಸೋಣ. ಆದರೆ ಕೂತ ಮೇಲೆ ಕಾಸು.”

“ಚಿತ್ರ ಚೆನ್ನಾಗಿದ್ದರೆ ಹೋಗುವಾಗ ದುಡ್ಡು ಕೊಡಿ ಅಂತ ನಾನು ಯಾವತ್ತಾದರೂ ಅಂದಿದ್ದೀನಾ?”

“ಅದಕ್ಕೇ ಟಾಕೀಸು ಮುಚ್ಚಿತು.”

ಈ ಮಾತು ಆಡಬಾರದಿತ್ತು. ಒಲೆಯ ಮೇಲಿನ ಪಾತ್ರೆಗಳು ಅಂದು ಸಂಜೆಯವರೆಗೂ ಸದ್ದು ಮಾಡಿದವು. ಊಟಕ್ಕೆ ಬಡಿಸುತ್ತಾ ಹೆಂಡತಿ ತೀರ್ಪು ಹೇಳಿದಳು: ತಿಂಗಳು ಮುಗಿಯುವುದರೊಳಗೆ ಬೋರ್ಡಿನ ಮಾತಿಗೆ ಒಪ್ಪುವ ಕಂಪನಿಯೊಂದನ್ನು ಅವನೇ ಹುಡುಕಬೇಕು. ಹುಡುಕದಿದ್ದರೆ ಆಕೆಗೆ ಕಂಡ ಕಂಪನಿ, ದುಡ್ಡು ಮೊದಲು, ಮತ್ತು ಬಾಗಿಲ ಮೇಲಿನ ಬೋರ್ಡು ಕೆಳಗೆ. ಒಂದು ಅಂಗಡಿ ಬೀದಿಯಲ್ಲಿ ಒಂದು ಮಾತು, ಆನ್‌ಲೈನಿನಲ್ಲಿ ಇನ್ನೊಂದು ಮಾತು ಹೇಳುವಂತಿಲ್ಲ. ಇದನ್ನು ಮುಚ್ಚಳಪ್ಪನೂ ಒಪ್ಪಿದ. ಒಪ್ಪಿದ ಮೇಲೆ ಎದ್ದು ಹೋಗಿ ಬೋರ್ಡನ್ನೊಮ್ಮೆ ನೋಡಿ ಬಂದ.

ಮೊದಲ ಸಲಹೆ ಪಕ್ಕದಂಗಡಿಯಿಂದ ಬಂತು. ಅಲ್ಲಿ ಕನ್ನಡಕ ಮಾರುವವನು ಹೆಂಡತಿಯ ತಮ್ಮ. ಜಗತ್ತಿನಲ್ಲಿ ತನಗೆ ತಿಳಿಯದ್ದು ಏನೂ ಇಲ್ಲ, ಇದ್ದರೆ ಅದು ತಿಳಿಯಲು ಯೋಗ್ಯವಲ್ಲ ಎಂದು ನಂಬಿದವನು.

“ಭಾವ, ಯೋಚನೆ ಯಾಕೆ? ನಾನಿರೋ ಕಂಪನಿಗೇ ಬನ್ನಿ. ದೊಡ್ಡ ಕಂಪನಿ. ಅವರ ಸೈಟು ನೋಡಿ, ಜಾರಿ ಬೀಳಬೇಕು, ಅಷ್ಟು ನುಣುಪು.”

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಭಾವಮೈದುನನಿಗೆ ಗೊತ್ತಿರಲಿಲ್ಲವೆಂದಲ್ಲ. ತನ್ನ ಬೆಟ್ಟಕ್ಕೆ ಅದು ಅನ್ವಯಿಸುವುದಿಲ್ಲ ಎಂದುಕೊಂಡಿದ್ದ. ಮುಚ್ಚಳಪ್ಪ ಹೆಂಡತಿಯ ಲ್ಯಾಪ್‌ಟಾಪಿನ ಮುಂದೆ ಕೂತು, ಆ ಕಂಪನಿಯ ಸಹಾಯದ ಕಿಟಕಿಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದ: ‘ಮುಚ್ಚಳ ಕೂರದಿದ್ದರೆ ಏನು ಮಾಡುತ್ತೀರಿ?’

ಆ ಕಡೆ ಇದ್ದದ್ದು ಮನುಷ್ಯನಲ್ಲ, ಯಂತ್ರ. ‘ಒಳ್ಳೆಯ ಪ್ರಶ್ನೆ!’ ಎಂದಿತು. ಆಮೇಲೆ ದುಡ್ಡು ವಾಪಸು ಮಾಡುವ ಬಗೆಯನ್ನು ವಿವರಿಸಿತು. ಮೊದಲು ತೆಗೆದುಕೊಳ್ಳುವುದು, ಬೇಡವಾದರೆ ಹಿಂದಿರುಗಿಸುವುದು. ಕಂಪನಿ ತನ್ನ ಕಮಿಷನ್ನೆಂದು ಕಿತ್ತುಕೊಂಡ ಚಿಟಿಕೆ ಮಾತ್ರ ಹಿಂದಿರುಗದು.

‘ತೆಗೆದು ಕೊಡುವುದು ಬೇರೆ, ತೆಗೆಯದೇ ಇರುವುದು ಬೇರೆ’ ಎಂದು ಮುಚ್ಚಳಪ್ಪ ಒತ್ತಿದ.

‘ಒಳ್ಳೆಯ ಪ್ರಶ್ನೆ!’ ಎಂದು ಯಂತ್ರ ಅದೇ ವಿವರವನ್ನು ಮತ್ತೆ ಒಪ್ಪಿಸಿತು.

“ಇದು ಪ್ರಶ್ನೆ ಅಲ್ಲ ಕಣಯ್ಯ!” ಎಂದು ಮುಚ್ಚಳಪ್ಪ ಲ್ಯಾಪ್‌ಟಾಪಿಗೆ ಬಾಯಿಬಿಟ್ಟೇ ಗದರಿದ. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಆ ವೀರನನ್ನು ಹೆಂಡತಿ ಎಬ್ಬಿಸಿ ಕರೆದೊಯ್ದಳು. ಅಲ್ಲಿಗೆ ಮೊದಲ ಯುದ್ಧ ಮುಗಿಯಿತು.

ಎರಡನೆಯ ಕಂಪನಿ ತಾನೇ ನಡೆದು ಬಂತು, ಟೈ ಕಟ್ಟಿಕೊಂಡು. ಐವತ್ತರ ಹತ್ತಿರದ ಮಾರಾಟದ ಮನುಷ್ಯ. ಬೂಟಿನ ಮೇಲೆ ಊರಿನ ಎಲ್ಲ ಬೀದಿಗಳ ಧೂಳಿತ್ತು. ತಿಂಗಳ ಗುರಿ ಇನ್ನೂ ಮುಟ್ಟಿರಲಿಲ್ಲವೆಂಬುದು ಮುಖದಲ್ಲೇ ತಿಳಿಯುತ್ತಿತ್ತು. ಹೊಟ್ಟಿನ ಮೂಟೆಯ ಮೇಲೆ ಕೂತು, ಬೋರ್ಡಿನ ಕಥೆಯನ್ನು ಪೂರ್ತಿ ಕೇಳಿಸಿಕೊಂಡ.

“ಸರ್, ನಮ್ಮಲ್ಲಿ ದುಡ್ಡು ತಗೊಳ್ಳೋದೇ ಇಲ್ಲ, ಹಿಡಿದಿಡ್ತೀವಿ ಅಷ್ಟೇ.”

“ಹಿಡಿದಿಡೋದು ಅಂದ್ರೆ? ದುಡ್ಡು ಯಾರ ಹತ್ತಿರ ಇರುತ್ತೆ?”

“ಗಿರಾಕಿ ಹತ್ತಿರಾನೇ. ಆದರೆ ಅವನು ಮುಟ್ಟೋ ಹಾಗಿಲ್ಲ.”

ಮುಚ್ಚಳಪ್ಪನ ಮುಖ ಅರಳಿತು. “ನಮ್ಮ ಮನೇಲಿ ಸಕ್ಕರೆ ಡಬ್ಬಿ ಹಾಗೇ ಇದೆ. ನನ್ನದೇ, ಮುಟ್ಟೋ ಹಾಗಿಲ್ಲ.”

“ಡಾಕ್ಟರು ಹೇಳಿದ್ದು,” ಎಂದಳು ಒಳಗಿನಿಂದ ಹೆಂಡತಿ. “ಎಷ್ಟು ದಿನ ಹಿಡಿದಿಡ್ತೀರಿ ಅಂತ ಕೇಳಿ ಅವರನ್ನ.”

ಟೈ ಮಹಾಶಯ ಕೆಮ್ಮಿದ. “ಒಂದು ವಾರ, ಅಮ್ಮಾ. ಅಷ್ಟರಲ್ಲಿ ನೀವು ಒಂದು ಗುಂಡಿ ಒತ್ತಿದರೆ ದುಡ್ಡು ಬರುತ್ತೆ. ಇಲ್ಲಾಂದ್ರೆ ಹಿಡಿತ ತಾನೇ ಬಿಟ್ಟುಹೋಗುತ್ತೆ. ಒಮ್ಮೆ ಮಾಡಿ ನೋಡೋಣ, ನಾನೇ ಮೊದಲ ಗಿರಾಕಿ. ನಮ್ಮನೇಲೂ ಒಂದು ಸಕ್ಕರೆ ಜಾಡಿ ಮುಚ್ಚಳ ಇಲ್ಲದೆ ಬಿದ್ದಿದೆ. ಇರುವೆ ಕಾಟ ಹೇಳತೀರದು.”

ಅಲ್ಲೇ ತನ್ನ ಕಾರ್ಡಿನ ಅಂಕೆಗಳನ್ನು ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ಹಾಕಿದ. ಮಧ್ಯಾಹ್ನ ಜಾಡಿಯ ಬಾಯಿಯ ಗೀರನ್ನೂ ತಂದುಕೊಟ್ಟ. ಅವನು ಹೋದ ಮೇಲೆ ಹೆಂಡತಿ ಅಟ್ಟಣಿಗೆಯನ್ನು ನೋಡಿದಳು, ಗಂಡನನ್ನು ನೋಡಿದಳು.

“ರೀ, ನಿಮ್ಮ ಮರ ಸುಧಾರಿಸಿಕೊಳ್ಳೋಕೇ ಎರಡು ವಾರ ಬೇಕು. ಇವರ ಹಿಡಿತ ಒಂದು ವಾರ.”

“ಈ ಸಲ ಮರಕ್ಕೆ ಸ್ವಲ್ಪ ಬೇಗ ಸುಧಾರಿಸ್ಕೋ ಅಂತ ಹೇಳ್ತೀನಿ.”

ನಗುತ್ತಾ ಹೇಳಿದ, ಆದರೆ ಆ ರಾತ್ರಿ ಹೊರಳಾಡಿದ. ಕಂಪನಿ ಒಪ್ಪಿದೆ, ಮರ ಒಪ್ಪುತ್ತಿಲ್ಲ. ತಿಂಗಳು ಸವೆಯುತ್ತಿದೆ, ಬೋರ್ಡು ಇಳಿಯುತ್ತದೆ. ಇಕ್ಕಳದಲ್ಲಿ ಸಿಕ್ಕ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮುಚ್ಚಳಪ್ಪ ಮಾಡಿದ. ಬೋರ್ಡನ್ನು ಉಳಿಸಿಕೊಳ್ಳಲು ಬೋರ್ಡಿಗೇ ಮೋಸ ಮಾಡಿದ. ಒಣಗಿದ ತುಂಡುಗಳೆಲ್ಲ ಬೇರೆ ಗಿರಾಕಿಗಳ ಅಳತೆಯವು; ಈ ಜಾಡಿಗೆ ಸಾಲುವಂಥ, ಕಡೆದು ಎರಡೇ ದಿನವಾಗಿದ್ದ ತುಂಡೊಂದನ್ನು ಅಟ್ಟಣಿಗೆಯಿಂದ ಕದ್ದವನಂತೆ ಇಳಿಸಿದ. ಅದು ಅವನದೇ ಅಂಗಡಿ, ಅವನದೇ ಮರ. ಆದರೂ ಹಿಂದೆ ಮುಂದೆ ನೋಡಿಕೊಂಡ. ಗೀರಿಗೆ ಸರಿಯಾಗಿ ಕಡೆದು, ತಿಕ್ಕಿ, ಹೊಳಪು ಕೊಟ್ಟು, ಮರುದಿನವೇ ಟೈ ಮಹಾಶಯನ ಮನೆಗೆ ತಾನೇ ಮುಟ್ಟಿಸಿ ಬಂದ. ಜಾಡಿಯ ಮೇಲಿಟ್ಟಾಗ ‘ಟಪ್’ ಎಂದಿತು. ಮರ ಎಂಬುದು ಬಹಳ ಸಭ್ಯ ವಸ್ತು. ಮಾಡಿದವನ ಎದುರಿಗೆ ಮಾನ ಕಳೆಯುವುದಿಲ್ಲ.

ವಾರ ಮುಗಿಯುವ ದಿನ ಟೈ ಮಹಾಶಯ ಅಂಗಡಿಗೆ ಬಂದ. ಕೈಯಲ್ಲಿ ಪೇಪರು ಸುತ್ತಿದ ಜಾಡಿ. ಮುಖದ ತುಂಬ ನಗು, ಆದರೆ ಜಾಡಿಯನ್ನು ಮಗುವಿನಂತೆ ಅಲ್ಲಾಡಿಸದೆ ಹಿಡಿದಿದ್ದ.

“ಕೂತಿತು ಸರ್! ಬಹಳ ಚೆನ್ನಾಗಿ ಕೂತಿತು. ಅಮ್ಮಾ, ಗುಂಡಿ ಒತ್ತಿಬಿಡಿ. ಸಂಜೆಗೆ ಹಿಡಿತ ಹೋಗುತ್ತೆ.”

“ಕೂತಿದ್ರೆ ಜಾಡಿ ಯಾಕೆ ಹೊತ್ಕೊಂಡು ಬಂದ್ರಿ?” ಎಂದ ಮುಚ್ಚಳಪ್ಪ.

“ಸುಮ್ಮನೆ… ತೋರಿಸೋಣ ಅಂತ.”

ಮುಚ್ಚಳಪ್ಪ ಜಾಡಿ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದ. ಗಲಗಲ.

ಅಪ್ಪ ಬೋರ್ಡು ಬರೆಸಿದ ಮೇಲೆ ಆ ಅಂಗಡಿಯಲ್ಲಿ ಕೇಳಿಸದಿದ್ದ ಸದ್ದು. ಮರ ಒಣಗಿ, ಕುಗ್ಗಿ, ಕೋಳಿಮೊಟ್ಟೆಯ ಆಕಾರ ತಾಳಿತ್ತು. ಮುಚ್ಚಳಪ್ಪ ಜಾಡಿಯನ್ನು ಕೆಳಗಿಟ್ಟು ಉಳಿಗಳ ಕಡೆ ತಿರುಗಿ ನಿಂತ. ಉಳಿಗಳಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

“ಅಯ್ಯೋ ಅದೇನು ಮಹಾ ಸರ್!” ಎಂದ ಟೈ ಮಹಾಶಯ. “ಒಳಗೆ ಒಂದು ಪೇಪರು ಸುತ್ತಿದರೆ ಆಯ್ತು. ನನ್ನ ದುಡ್ಡು, ನಾನೇ ಕೊಡ್ತಿದ್ದೀನಿ, ತಗೊಳ್ಳಿ. ಈ ತಿಂಗಳು ನನಗೆ ಇನ್ನೊಂದೇ ಅಂಗಡಿ ಬೇಕು. ಅಮ್ಮಾ, ನೀವಾದರೂ ಹೇಳಿ. ಒತ್ತಿಬಿಡಿ, ನಿಮ್ಮ ಕೈ ಮುಗೀತೀನಿ.”

ಹೆಂಡತಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ಎರಡು ಗುಂಡಿಗಳಿದ್ದವು: ‘ತೆಗೆದುಕೊಳ್ಳಿ’, ‘ಬಿಟ್ಟುಬಿಡಿ’. ಆಕೆ ಗೆದ್ದಿದ್ದಳು. ಕಾರ್ಡಿನ ದುಡ್ಡು ಕೈಗೆಟಕುವಷ್ಟು ಹತ್ತಿರವಿತ್ತು, ಗಂಡನಿಗೆ ತಿರುಗಿ ಮಾತಾಡುವ ಬಾಯಿರಲಿಲ್ಲ, ಮೇಲಾಗಿ ಗಿರಾಕಿಯೇ ಅಂಗಲಾಚುತ್ತಿದ್ದ. ಚಿತ್ರ ಚೆನ್ನಾಗಿಲ್ಲ, ದುಡ್ಡು ವಾಪಸು ಕೊಡು ಎಂದವರನ್ನು ಕಿಟಕಿಯಲ್ಲಿ ಬೇಕಾದಷ್ಟು ಕಂಡಿದ್ದಳು. ಚಿತ್ರ ಕೆಟ್ಟಿದೆ, ಆದರೂ ದುಡ್ಡು ಇಟ್ಟುಕೋ ಎಂದವನನ್ನು ಕಂಡದ್ದು ಇದೇ ಮೊದಲು.

ಗಂಡನ ಬೆನ್ನನ್ನು ಒಮ್ಮೆ ನೋಡಿದಳು. ಆಮೇಲೆ ‘ಬಿಟ್ಟುಬಿಡಿ’ಯನ್ನು ಒತ್ತಿದಳು.

“ಅಮ್ಮಾ!”

“ಮುರಿದ ಸೀಟಿಗೆ ನಾನು ಟಿಕೆಟ್ ಹರಿದವಳಲ್ಲ,” ಎಂದಳು ಆಕೆ. “ಮ್ಯಾನೇಜರಿಗೇ ಹರಿದುಕೊಡಲಿಲ್ಲ, ನಿಮಗೆ ಕೊಡ್ತೀನಾ? ಕೂತ್ಕೊಳ್ಳಿ, ಟೀ ಕುಡೀರಿ. ನಿಜ ಹೇಳಿ, ಮರ ಸುಧಾರಿಸಿಕೊಳ್ಳೋವರೆಗೂ ಕಾಯೋ ಕಂಪನಿ ಯಾವುದೂ ಇಲ್ವಾ?”

ಟೈ ಮಹಾಶಯ ಟೀ ಕುಡಿದ. ಒಂದು ಕಡೆ ಅನ್ನ ಹಾಕುವ ಕಂಪನಿ, ಇನ್ನೊಂದು ಕಡೆ ಸಕ್ಕರೆಗೆ ಮುತ್ತುವ ಇರುವೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ದನಿ ತಗ್ಗಿಸಿದ.

“ಒಂದಿದೆ. ನಾನು ಹೇಳಿದೆ ಅಂತ ಎಲ್ಲೂ ಹೇಳಬೇಡಿ. ನಮ್ಮಕ್ಕ ಅಲ್ಲೇ ಕೆಲಸ ಮಾಡ್ತಾಳೆ. ಸಣ್ಣ ಕಂಪನಿ, ಸೈಟು ನೋಡಿದರೆ ಹೆದರಿಕೆ ಆಗುತ್ತೆ.”

ಮರುದಿನ ಆ ಕಂಪನಿಗೆ ಫೋನ್ ಮಾಡಿದವಳು ಮುಚ್ಚಳಪ್ಪನಲ್ಲ, ಅವನ ಹೆಂಡತಿ. ಕೇಳಿದ್ದು ಮಾತ್ರ ಗಂಡನ ಪ್ರಶ್ನೆ: “ಮುಚ್ಚಳ ಕೂರದಿದ್ದರೆ ಏನು ಮಾಡ್ತೀರಿ?”

“ಏನೂ ಮಾಡಲ್ಲಮ್ಮ,” ಎಂದಳು ಆ ಕಡೆಯ ಅಕ್ಕ. “ದುಡ್ಡು ತಗೊಂಡಿದ್ದರೆ ತಾನೇ ಮಾಡೋಕೆ? ಆರ್ಡರ್ ಮಾಡುವಾಗ ಗಿರಾಕಿ ತನ್ನ ಕಾರ್ಡನ್ನು ನಮ್ಮಲ್ಲಿ ಬರೆಸಿಡ್ತಾನೆ. ನಾವು ಬೀಗ ಹಾಕಿ ಇಟ್ಕೋತೀವಿ. ದುಡ್ಡು ಹಿಡಿಯೋದೂ ಇಲ್ಲ, ಮುಟ್ಟೋದೂ ಇಲ್ಲ. ಮುಚ್ಚಳ ಕೂತು ಅವನು ಹೂಂ ಅಂದ ದಿನ ಎಳ್ಕೋತೀವಿ. ವಾರ ಆಗಲಿ, ಎರಡು ತಿಂಗಳಾಗಲಿ.”

“ಕೂತ ಮೇಲೂ ಹೂಂ ಅನ್ನದೇ ಇದ್ದರೆ?”

“ಆಗ ನೀವೇ ಫೋನ್ ಮಾಡಿ ಬೈಬೇಕು. ಅದಕ್ಕೆ ನಮ್ಮಲ್ಲಿ ಸೌಲಭ್ಯ ಇಲ್ಲ.”

“ಹೂಂ ಅಂದ ದಿನ ಕಾರ್ಡಲ್ಲಿ ದುಡ್ಡೇ ಇಲ್ಲದಿದ್ದರೆ?”

“ನಿಮಗೂ ಇಲ್ಲ, ನಮಗೂ ಇಲ್ಲ. ಅಷ್ಟು ಧೈರ್ಯ ಇದ್ದರೆ ಬನ್ನಿ. ಮೊದಲೇ ಹೇಳಿಬಿಡ್ತೀನಿ, ನಮ್ಮ ಚಿಟಿಕೆ ಬೇರೆಯವರಿಗಿಂತ ಒಂದಿಷ್ಟು ದಪ್ಪ.”

ಹೆಂಡತಿ ಫೋನಿಟ್ಟಳು. “ಒರಟು ಹೆಂಗಸು, ದುಬಾರಿ ಕಂಪನಿ,” ಎಂದಳು. “ಇವರೇ ಸರಿ.”

“ನಿನ್ನ ದುಡ್ಡು ಮೊದಲು?”

“ಕಾರ್ಡ್ ಮೊದಲು. ಟಿಕೆಟ್ ತೋರಿಸದೆ ಯಾರನ್ನೂ ಒಳಗೆ ಬಿಡಲ್ಲ. ಕಾಸು ಬೇಕಾದರೆ ನಿಮ್ಮ ಬೋರ್ಡಿನ ಪ್ರಕಾರ ಆಮೇಲೆ ಬರಲಿ. ಇನ್ನು ನಾಯಿ ಫೋಟೋ ಬಂದರೆ ದುಡ್ಡಿನ ಜೊತೆ ಬರಲಿ.”

ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿದ್ದ ಗಾಡಿ ಅಂತೂ ಹೀಗೆ ನೆಟ್ಟಗೆ ನಿಂತಿತು. ಅಕ್ಕನ ಕಂಪನಿಯವರು ಅವರ ಆನ್‌ಲೈನ್ ಅಂಗಡಿಗೆ, ಗಿರಾಕಿ ಹೂಂ ಅನ್ನುವುದಕ್ಕೆಂದು, ದೊಡ್ಡದೊಂದು ಗುಂಡಿ ಜೋಡಿಸಿಕೊಟ್ಟರು. ಅದರ ಬಣ್ಣ ನೋಡಿ ಕನ್ನಡಕದ ಭಾವಮೈದುನ ಎರಡು ದಿನ ಮಾತು ಬಿಟ್ಟ. ಗುಂಡಿಯ ಮೇಲೆ ಏನು ಬರೆಯಬೇಕೆಂದು ಕೇಳಿದಾಗ ಮುಚ್ಚಳಪ್ಪ ಯೋಚಿಸಲೇ ಇಲ್ಲ: ‘ಕೂತಿತು’.

ಟೈ ಮಹಾಶಯನ ಎರಡನೆಯ ಮುಚ್ಚಳಕ್ಕೆ ಅವನು ಹೊಸ ತುಂಡನ್ನು ಕಡೆದು, ಅಟ್ಟಣಿಗೆಯ ಮೇಲೆ ಎರಡು ವಾರ ಪೂರ್ತಿ ಸುಧಾರಿಸಿಕೊಳ್ಳಲು ಬಿಟ್ಟು ಇಳಿಸಿದ. ಗಲಗಲ ಎಂದ ಮೊದಲನೆಯದನ್ನು ನಾಯಿಯ ಫೋಟೋದ ಪಕ್ಕದಲ್ಲಿ, ಕಣ್ಣಿಗೆ ಬೀಳುವಂತೆ, ಮೊಳೆಗೆ ತೂಗುಹಾಕಿದ. ಟೈ ಮಹಾಶಯ ಮುಚ್ಚಳವನ್ನು ಮನೆಗೆ ಒಯ್ದು, ಬಿಸಿಲಿನ ದಿನ ನೋಡಿ, ಮೋಡದ ದಿನ ನೋಡಿ, ಒಂದು ಬೆಳಿಗ್ಗೆ ಜಾಡಿಯ ಸಮೇತ ಅಂಗಡಿಗೆ ಬಂದ. ಈ ಸಲ ಜಾಡಿಯನ್ನು ಕಂಕುಳಲ್ಲಿ ಇರುಕಿಕೊಂಡು, ಬೀದಿಯುದ್ದಕ್ಕೂ ಕುಲುಕಿಕೊಂಡೇ ಬಂದಿದ್ದ. ಎಲ್ಲರೆದುರು ಮುಚ್ಚಳ ತೆಗೆದು ಮತ್ತೆ ಇಟ್ಟ. ಟಪ್. ಜೇಬಿನಿಂದ ಫೋನು ತೆಗೆದು, ತನ್ನ ಕಂಪನಿಯ ಎದುರಾಳಿಯ ಗುಂಡಿಯನ್ನು, ನಿಟ್ಟುಸಿರುಬಿಟ್ಟು, ಒತ್ತಿದ.

ಹೆಂಡತಿಯ ಫೋನು ಕುಂಯ್‌ಗುಟ್ಟಿತು. “ಬಂತು,” ಎಂದಳು ಆಕೆ. “ಚಿಟಿಕೆ ನಿಜಕ್ಕೂ ದಪ್ಪ. ಪರವಾಗಿಲ್ಲ, ಬಂತು.” ತಲೆಯೆತ್ತಿ ಬಾಗಿಲ ಮೇಲಿನ ಬೋರ್ಡಿನ ಬೆನ್ನನ್ನು ನೋಡಿ, “ಆ ಬೋರ್ಡಿನ ಧೂಳು ಯಾರೂ ಒರೆಸೋದೇ ಇಲ್ವಾ ಈ ಮನೇಲಿ?” ಎಂದು ಸ್ಟೂಲು ಎಳೆದುಕೊಂಡಳು.

ಆಕೆ ಸ್ಟೂಲು ಹತ್ತಿರುವಾಗ ಫೋನು ಇನ್ನೊಮ್ಮೆ ಸದ್ದು ಮಾಡಿತು. ಮುಚ್ಚಳಪ್ಪ ಕನ್ನಡಕ ಏರಿಸಿ ಓದಿದ. ಹೊಸ ಕಂಪನಿಯ ಸಂದೇಶ. ಮೊದಲ ವ್ಯಾಪಾರಕ್ಕೆ ಅಭಿನಂದನೆ ಹೇಳಿ, ತಮ್ಮ ಸೇವೆಗೆ ದಯವಿಟ್ಟು ಐದು ನಕ್ಷತ್ರ ಕೊಡಬೇಕೆಂದು ಕೇಳಿದ್ದರು.

“ಏನಂತೆ?” ಎಂದಳು ಹೆಂಡತಿ ಮೇಲಿನಿಂದ.

“ನಕ್ಷತ್ರ ಬೇಕಂತೆ,” ಎಂದ ಮುಚ್ಚಳಪ್ಪ, ಫೋನನ್ನು ಮಗುಚಿಟ್ಟು ಲೇತಿನ ಕಡೆ ತಿರುಗುತ್ತಾ. “ಮೊನ್ನೆ ತಾನೇ ಬಂದಿದ್ದಾರೆ. ಮಳೆಗಾಲ ಒಂದು, ಬೇಸಿಗೆ ಒಂದು ಕಳೀಲಿ. ಕೂತ ಮೇಲೆ ನೋಡೋಣ.”